ತಿಪ್ಪೇಸ್ವಾಮಿಗೆ: ಕಾರ್ಟೂನಿನ ಅಸಲಿ ಹಾಳೆ ಕೊಳ್ಳೋ ಮುಂಚೆ

ದಾವಣಗೆರೆ

ಪ್ರಿಯ ತಿಪ್ಪೇಸ್ವಾಮಿ,

ಟಿವಿ ಕಾರ್ಟೂನಿಗೆ ಬರೆದ ಅಸಲಿ ಪೆನ್ಸಿಲ್ ಚಿತ್ರ ಕೊಳ್ಳಬೇಕು ಅಂತಿದ್ದೀಯಲ್ಲ, ದುಡ್ಡು ಹಾಕೋ ಮುಂಚೆ ಇದನ್ನ ಓದು. ಮುಖ ಎಷ್ಟು ಚಂದ ಇದೆ ಅನ್ನೋದು ಆಮೇಲೆ. ಆ ಹಾಳೆ ನಿಜವಾಗಿ ಕೆಲಸಕ್ಕೆ ಬಳಕೆಯಾಗಿತ್ತಾ, ಅದನ್ನ ಮೊದಲು ನೋಡು.

ಅಮೆರಿಕದ ಹಾಳೆಗಳಲ್ಲಿ ಸಾಮಾನ್ಯವಾಗಿ ಆಕ್ಮೆ ಪೆಗ್ಗಿನ (ಹಾಳೆಗಳು ಕದಲದಂತೆ ಒಂದರ ಮೇಲೊಂದು ಕೂರಿಸೋ ಗೂಟಗಳ) ಮೂರು ತೂತು ಇರ್ತವೆ: ನಡುವೆ ದುಂಡನೆಯದು, ಅತ್ತಿತ್ತ ಉದ್ದನೆಯವು. 12 ಫೀಲ್ಡ್ ಅನ್ನೋ ಅಳತೆಯ ಹಾಳೆ ಸುಮಾರು 10.5 × 12.5 ಇಂಚು. ಮೂಲೆಯಲ್ಲಿ ಚಿತ್ರದ ನಂಬರು ಇರುತ್ತೆ. ಅದಕ್ಕೆ ಸುತ್ತು ಹಾಕಿದ್ರೆ ಸಾಮಾನ್ಯವಾಗಿ ಅದು ಕೀ ಚಿತ್ರ, ಅಂದ್ರೆ ಚಲನೆಯ ಮುಖ್ಯ ಭಂಗಿ. ಪಕ್ಕದಲ್ಲಿ ಏಣಿಯಂಥ ಗೆರೆಗಳಿದ್ದರೆ ಟೈಮಿಂಗ್ ಚಾರ್ಟ್, ಮುಂದಿನ ಕೀಗೆ ಹೋಗೋ ತನಕ ಎಷ್ಟು ಇನ್‌ಬಿಟ್ವೀನ್ (ಎರಡು ಕೀ ನಡುವಿನ ಚಿತ್ರ) ಬರೀಬೇಕು, ಎಲ್ಲೆಲ್ಲಿ ಅಂತ ಸಹಾಯಕನಿಗೆ ಕೊಟ್ಟ ಲೆಕ್ಕ. ನನ್ನನ್ನ ಕೇಳಿದ್ರೆ, ಚಾರ್ಟ್ ಇರೋ ಒಂದು ಕೀ ಐದು ಇನ್‌ಬಿಟ್ವೀನಿಗೆ ಸಮ.

ನಕಲಿ ಹಿಡಿಯೋದು ಹೀಗೆ. ಟಾರ್ಚನ್ನ ಓರೆಯಾಗಿ ಹಿಡಿ: ಪೆನ್ಸಿಲ್ ಗೆರೆ ಬೂದುಬಣ್ಣದಲ್ಲಿ ಮಿನುಗುತ್ತೆ, ಒತ್ತಿ ಬರೆದ ಕಡೆ ಹಿಂಬದಿ ಉಬ್ಬಿರುತ್ತೆ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸೋ ಲೆನ್ಸಿನಲ್ಲಿ ಜೆರಾಕ್ಸ್ ಆದ್ರೆ ಗೆರೆಯ ಆಚೀಚೆ ಕರಿ ಪುಡಿ ಚೆಲ್ಲಿದಂತಿರುತ್ತೆ, ಪ್ರಿಂಟ್ ಆದ್ರೆ ಬಣ್ಣದ ಚುಕ್ಕೆ. ಕಷ್ಟ ಇರೋದು ಪೆನ್ಸಿಲಿನಲ್ಲೇ ನಕಲು ಮಾಡಿದಾಗ. ಯಾಕಂದ್ರೆ ಕ್ಲೀನ್-ಅಪ್ ಅನ್ನೋದೇ ರಫ್ ಚಿತ್ರದ ಮೇಲೆ ಹೊಸ ಹಾಳೆ ಇಟ್ಟು ತಿದ್ದಿ ಬರೆದದ್ದು, ಗೆರೆ ನೀಟಾಗಿದೆ ಅಂತ ಅನುಮಾನಪಡೋಕಾಗಲ್ಲ. ಆಗ ಹಾಳೆಯಲ್ಲಿ ಏನಿಲ್ಲ ಅಂತ ಹುಡುಕು. ಟಿವಿಯಲ್ಲಿ ಕೆಲಸ ಉಳಿಸೋಕೆ ದೇಹ ಒಂದು ಹಾಳೆ, ಬಾಯಿ ಬೇರೆ ಹಾಳೆ ಮಾಡ್ತಿದ್ರು. ಮಾತಾಡುವಾಗ ಬಾಯಿ ಮಾತ್ರ ಬದಲಾಗ್ತಿತ್ತು. ಹಾಗಾಗಿ ಬಾಯೇ ಇಲ್ಲದ ಮುಖ ಎಷ್ಟೋ ಸಲ ಒಳ್ಳೇ ಲಕ್ಷಣ. ಪರದೆ ನೋಡಿ ನಕಲು ಮಾಡೋನು ಬಾಯಿ ಸೇರಿಸೇ ಬರೀತಾನೆ, ಚೌಕಟ್ಟಿನಾಚೆ ಹೋಗೋ ಕೈಕಾಲು ಅಲ್ಲಿಗೇ ಕತ್ತರಿಸ್ತಾನೆ.

ಸೆಲ್ (ಚಿತ್ರವನ್ನ ಇಳಿಸಿ ಬಣ್ಣ ಹಚ್ಚಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ತೋರಿಸಿದ್ರೆ ವರ್ಷ ಕೇಳು. ಅಮೆರಿಕದ ಟಿವಿ ಕಾರ್ಟೂನ್ ‘ದಿ ಸಿಂಪ್ಸನ್ಸ್’ 2002ರ ಹೊತ್ತಿಗೆ ಕಂಪ್ಯೂಟರ್ ಬಣ್ಣಕ್ಕೆ ಹೋಯ್ತು. 2010ರ ಕಂತಿನ ಸೆಲ್ ಅಂತ ಯಾರಾದ್ರೂ ಮಾರಿದ್ರೆ ಅದು ಪ್ರಸಾರಕ್ಕೆ ಬಳಸಿದ್ದಲ್ಲ, ಆಮೇಲೆ ಮಾಡಿದ್ದು. ವಿನೆಗರ್ ವಾಸನೆ ಬರೋ ಸೆಲ್ಲನ್ನ ಚಿತ್ರಗಳ ಜೊತೆ ಇಡಲೇಬೇಡ, ಆ ಆಮ್ಲದ ಆವಿ ಕಾಗದವನ್ನೂ ತಿನ್ನುತ್ತೆ.

ಇಡೋ ಜಾಗ ಮುಖ್ಯ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ತಾರಸಿ ಕೆಳಗಿನ ಅಟ್ಟ ಕಾದುಹೋಗುತ್ತೆ, ಮಳೆಗಾಲದಲ್ಲಿ ಹೊರಗೋಡೆ ತೇವ ಹಿಡಿಯುತ್ತೆ. ಒಳಗೋಡೆಗೆ ತಾಗಿದ ಬೀರುವಿನ ನಡು ಖಾನೆಯಲ್ಲಿ ಮಲಗಿಸಿಡು. ಪಿವಿಸಿ ಕವರ್ ಬೇಡ, ಪಾಲಿಪ್ರೊಪಿಲೀನ್ ಆಗಬಹುದು. ಮೆತ್ತನೆ ಪೆನ್ಸಿಲಿನ ರಫ್ ಆದ್ರೆ ಪ್ಲಾಸ್ಟಿಕ್ಕೇ ಬೇಡ, ಅದರ ಸ್ಥಾಯೀ ವಿದ್ಯುತ್ತು ಪುಡಿಯನ್ನ ಎಳ್ಕೊಳ್ಳುತ್ತೆ. ಆಮ್ಲರಹಿತ ಕಾಗದದ ಮಡಿಕೆ ಸಾಕು. ಹಳದಿಯಾದ ಟೇಪ್ ಕೀಳೋಕೆ ಹೋಗ್ಬೇಡ, ಕಾಗದದ ಮೇಲ್ಪದರ ಅದರ ಜೊತೆಗೇ ಬರುತ್ತೆ. ಫ್ರೇಮ್ ಅಂಗಡಿಯೋರು ಲ್ಯಾಮಿನೇಷನ್ ಮಾಡ್ಸಿ ಅಂದ್ರೆ ಖಡಾಖಂಡಿತವಾಗಿ ಬೇಡ ಅನ್ನು.

ಮಾರೋನಿಗೆ ಹಿಂಬದಿಯ ಫೋಟೊ, ಓರೆ ಬೆಳಕಿನ ಫೋಟೊ ಎರಡನ್ನೂ ಕೇಳು. ಸುರುಳಿ ಸುತ್ತದೆ, ಎರಡು ಗಟ್ಟಿ ರಟ್ಟಿನ ನಡುವೆ ಸಪಾಟಾಗಿಟ್ಟು ಕಳಿಸೋಕೆ ಹೇಳು.

ಇಂತಿ ನಿನ್ನ ಗೆಳೆಯ