ಲೈಬ್ರರಿ ಸಿಗದೆ ಪ್ರೋಗ್ರಾಂ ನಿಂತಾಗ

ಚಿ. ಶ್ರೀನಿಧಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಕಳಿಸಿದ ಎರರ್ ನೋಡಿದೆ. ಲಿನಕ್ಸ್‌ನ ಉಬುಂಟು 22.04ರಲ್ಲಿ ಹಳೆಯ ಪ್ರೋಗ್ರಾಂ ಓಡಿಸಲು ಹೋದರೆ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’ ಎಂಬ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಸಿದ್ಧ ಕೋಡಿನ ಫೈಲು; ಇದು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ್ದು) ಸಿಗುತ್ತಿಲ್ಲ ಎಂದು ನಿಲ್ಲುತ್ತಿದೆ. ಅದಕ್ಕಿಂತ ನೀನು ಕೆಳಗೆ ಬರೆದದ್ದು ಓದಿ ಗಾಬರಿಯಾಯಿತು: ‘.ಎಸ್‌ಒ.3 ಇದೆಯಲ್ಲ ಮಾವ, ಅದಕ್ಕೇ 1.1 ಅಂತ ಸಿಮ್‌ಲಿಂಕ್ ಹಾಕಿಬಿಡ್ಲಾ?’

ಹಾಕಬೇಡ ಮಾರಾಯ. ಸಿಮ್‌ಲಿಂಕ್ ಎಂದರೆ ಒಂದು ಫೈಲಿಗೆ ಇನ್ನೊಂದು ಹೆಸರಿನ ಕೊಂಡಿ ಅಷ್ಟೆ. ಆ ಕೊನೆಯ ಅಂಕಿ ಎಸ್‌ಒನೇಮ್‌ನ, ಅಂದರೆ ಲೈಬ್ರರಿ ತನ್ನನ್ನು ಗುರುತಿಸಿಕೊಳ್ಳುವ ಹೆಸರಿನ, ಭಾಗ. ಹಳೆಯ ಪ್ರೋಗ್ರಾಂಗಳಿಗೆ ಹೊಂದದ ಹಾಗೆ ಲೈಬ್ರರಿ ಬದಲಾದಾಗ ಅದನ್ನು ಬದಲಿಸುತ್ತಾರೆ. ಸಿಮ್‌ಲಿಂಕ್ ಹಾಕಿದರೆ ಫೈಲು ಸಿಗುತ್ತದೆ ನಿಜ, ಆದರೆ ಮರುಕ್ಷಣವೇ ‘ಓಪನ್‌ಎಸ್‌ಎಸ್‌ಎಲ್_1_1_0’ ವರ್ಷನ್ ಇಲ್ಲ ಎಂಬ ಹೊಸ ದೂರು ಬರುತ್ತದೆ. ಅಲ್ಲಿಗೇ ನಿಂತರೆ ಪುಣ್ಯ. ವರ್ಷನ್ ಗುರುತೇ ಇಲ್ಲದ ಲೈಬ್ರರಿಯಾದರೆ ಪ್ರೋಗ್ರಾಂ ಶುರುವಾಗಿ, ಎಲ್ಲೋ ನಡುವೆ ಕುಸಿಯುತ್ತದೆ. ಆಮೇಲೆ ಕಾರಣ ಹುಡುಕುವುದು ಬಹಳ ಕಷ್ಟ.

ಲೈಬ್ರರಿ ಹುಡುಕುವುದು ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಲ್ಲ, ಪ್ರೋಗ್ರಾಂ ಶುರುವಾಗುವಾಗ ಬೇಕಾದ ಲೈಬ್ರರಿಗಳನ್ನು ಜೋಡಿಸುವ ಡೈನಾಮಿಕ್ ಲೋಡರ್. ಅದು ನೋಡುವ ಕ್ರಮವನ್ನು ಬಾಯಿಪಾಠ ಮಾಡಿಕೋ. ಮೊದಲು ಪ್ರೋಗ್ರಾಂ ಒಳಗೆ ಬರೆದಿಟ್ಟ ಫೋಲ್ಡರ್ ಪಟ್ಟಿಯಾದ ಆರ್‌ಪಾತ್, ಆಮೇಲೆ ಶೆಲ್‌ನಲ್ಲಿ ನಾವು ಕೊಡುವ ಎಲ್‌ಡಿ_ಲೈಬ್ರರಿ_ಪಾತ್ ಎಂಬ ವೇರಿಯೆಬಲ್, ಆಮೇಲೆ ಪ್ರೋಗ್ರಾಂ ಒಳಗಿನ ಇನ್ನೊಂದು ಪಟ್ಟಿಯಾದ ರನ್‌ಪಾತ್, ಆಮೇಲೆ ಸಿಸ್ಟಂ ಮೊದಲೇ ಸಿದ್ಧಪಡಿಸಿಟ್ಟ ಲೈಬ್ರರಿಗಳ ಪಟ್ಟಿ /ಇಟಿಸಿ/ಎಲ್‌ಡಿ.ಎಸ್‌ಒ.ಕ್ಯಾಶ್, ಕೊನೆಗೆ /ಲಿಬ್, /ಯುಎಸ್‌ಆರ್/ಲಿಬ್‌ನಂಥ ಸಿಸ್ಟಂ ಜಾಗಗಳು. ರನ್‌ಪಾತ್ ಇದ್ದರೆ ಆರ್‌ಪಾತ್ ಲೆಕ್ಕಕ್ಕಿಲ್ಲ. ಪ್ರೋಗ್ರಾಂ ಇರುವ ಫೋಲ್ಡರ್ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ವಿಂಡೋಸ್‌ನಿಂದ ಬಂದವರು ಎಡವುವುದು ಇಲ್ಲೇ.

ಊಹೆ ಮಾಡುವ ಬದಲು ಲೋಡರನ್ನೇ ಕೇಳು. ಪ್ರೋಗ್ರಾಂ ಮೇಲೆ ‘ಎಲ್‌ಡಿಡಿ’ ಕಮಾಂಡ್ ಕೊಟ್ಟರೆ ಯಾವುದು ‘ನಾಟ್ ಫೌಂಡ್’ ಎಂದು ಗೊತ್ತಾಗುತ್ತದೆ. ಆದರೆ ಎಲ್ಲಿಂದಲೋ ಇಳಿಸಿಕೊಂಡ, ನಂಬಿಕೆಯಿಲ್ಲದ ಫೈಲಿಗೆ ಎಲ್‌ಡಿಡಿ ಬೇಡ, ಅದು ಆ ಫೈಲಿನ ಕೋಡನ್ನೇ ಓಡಿಸಬಹುದು. ಅಂಥದ್ದಕ್ಕೆ ‘ರೀಡ್‌ಎಲ್ಫ್ -ಡಿ’ ಸಾಕು. ನೀಡೆಡ್ (ಬೇಕಾದ ಲೈಬ್ರರಿಗಳು), ರನ್‌ಪಾತ್ ಸಾಲುಗಳು ಅದರಲ್ಲೇ ಇರುತ್ತವೆ. ಇಷ್ಟಕ್ಕೂ ಬಗೆಹರಿಯದಿದ್ದರೆ ‘ಎಲ್‌ಡಿ_ಡೀಬಗ್=ಲಿಬ್ಸ್’ ಎಂದು ಮುಂದೆ ಸೇರಿಸಿ ಪ್ರೋಗ್ರಾಂ ಓಡಿಸು. ‘ಫೈಂಡ್ ಲೈಬ್ರರಿ’ ಎಂಬ ಸಾಲಿನಲ್ಲಿ ಲೈಬ್ರರಿಯ ಹೆಸರು, ಅದರ ಕೆಳಗೆ ‘ಸರ್ಚ್ ಪಾತ್’, ‘ಸರ್ಚ್ ಕ್ಯಾಶ್’, ತಟ್ಟಿ ನೋಡಿದ ಪ್ರತಿ ಜಾಗಕ್ಕೂ ಒಂದೊಂದು ‘ಟ್ರೈಯಿಂಗ್ ಫೈಲ್’ ಸಾಲು. ನೀನು ಲೈಬ್ರರಿ ಇಟ್ಟ ಫೋಲ್ಡರ್ ಆ ಸಾಲುಗಳಲ್ಲಿ ಇಲ್ಲವೆಂದರೆ ಅಲ್ಲಿಗೆ ಲೋಡರ್ ಹೋಗಿಯೇ ಇಲ್ಲ. ಓಡುವಾಗ ಡಿಎಲ್‌ಓಪನ್ ಎಂಬ ಫಂಕ್ಷನ್ ಮೂಲಕ ಎಳೆದುಕೊಳ್ಳುವ ಪ್ಲಗಿನ್‌ಗಳು ಎಲ್‌ಡಿಡಿಯಲ್ಲಿ ಕಾಣುವುದಿಲ್ಲ, ಇಲ್ಲಿ ಕಾಣುತ್ತವೆ.

ಎಲ್‌ಡಿ_ಲೈಬ್ರರಿ_ಪಾತ್ ಒಂದು ಸಲ ಪರೀಕ್ಷೆ ಮಾಡಲು ಒಳ್ಳೆಯದು. ಶೆಲ್ ಶುರುವಾದಾಗ ಓದುವ .ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಬರೆದಿಡಬೇಡ. ಆ ಶೆಲ್‌ನಿಂದ ಹೊರಡುವ ಪ್ರತಿಯೊಂದು ಪ್ರೋಗ್ರಾಂಗೂ ಅದು ಅಂಟಿಕೊಳ್ಳುತ್ತದೆ. ಸಂಬಂಧವೇ ಇಲ್ಲದ ಪ್ರೋಗ್ರಾಂ ನಿನ್ನ ಫೋಲ್ಡರಿನ ತಪ್ಪು ಲೈಬ್ರರಿ ಎತ್ತಿಕೊಂಡು ಬೀಳುತ್ತದೆ. ಹಿನ್ನೆಲೆಯಲ್ಲಿ ಓಡುವ ಸಿಸ್ಟಂಡಿ ಸರ್ವೀಸ್ .ಬ್ಯಾಶ್‌ಆರ್‌ಸಿ ಓದುವುದಿಲ್ಲ, ಫೈಲಿನ ಮಾಲೀಕನ ಅಧಿಕಾರದಲ್ಲಿ ಓಡುವ ಸೆಟ್‌ಯುಐಡಿ ಪ್ರೋಗ್ರಾಂಗಳಿಗೆ ಲೋಡರ್ ಇದನ್ನು ಲೆಕ್ಕಿಸುವುದೇ ಇಲ್ಲ. ‘ನನ್ನ ಟರ್ಮಿನಲ್‌ನಲ್ಲಿ ನಡೆಯುತ್ತೆ, ಸರ್ವರ್‌ನಲ್ಲಿ ಇಲ್ಲ’ ಎಂಬ ಗೋಳಿಗೆ ಬಹಳ ಸಲ ಇದೇ ಮೂಲ. ಇನ್ನೊಂದು: ಈ ವೇರಿಯೆಬಲ್‌ನ ಹಳೆಯ ಮೌಲ್ಯ ಖಾಲಿಯಿದ್ದಾಗ ಅದನ್ನು ಹಿಂದೆ ಜೋಡಿಸಿದರೆ ಕೊನೆಯಲ್ಲಿ ಒಂಟಿ ಕೋಲನ್ ಉಳಿಯುತ್ತದೆ. ಅದರ ಅರ್ಥ ‘ಈಗಿರುವ ಫೋಲ್ಡರಿನಲ್ಲೂ ಹುಡುಕು’ ಎಂದು. ಇದು ಭದ್ರತೆಗೆ ಅಪಾಯ.

ಯಂತ್ರದ ಎಲ್ಲರಿಗೂ ಬೇಕಾದ ಲೈಬ್ರರಿಯಾದರೆ /ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಒಳಗೆ .ಕಾನ್ಫ್ ಫೈಲಿನಲ್ಲಿ ಫೋಲ್ಡರಿನ ಹೆಸರು ಬರೆದು ‘ಸುಡೊ ಎಲ್‌ಡಿಕಾನ್ಫಿಗ್’ ಕೊಡು. ಈ ಎರಡನೆಯದನ್ನು ಮರೆತರೆ ಕ್ಯಾಶ್ ಹಳೆಯದೇ ಇರುತ್ತದೆ. ಸೇರಿತೋ ಇಲ್ಲವೋ ‘ಎಲ್‌ಡಿಕಾನ್ಫಿಗ್ -ಪಿ’ ಹೇಳುತ್ತದೆ.

ಈಗ ನಿನ್ನ ವಿಷಯ. ಸೋರ್ಸ್ ಇದ್ದರೆ ಓಪನ್‌ಎಸ್‌ಎಸ್‌ಎಲ್ 3ಕ್ಕೆ ಹೊಂದಿಸಿ ಮತ್ತೆ ಬಿಲ್ಡ್ ಮಾಡು, ಅದೇ ಸರಿಯಾದ ದಾರಿ. ಸೋರ್ಸ್ ಇಲ್ಲವಾದರೆ 1.1ರ ಲಿಬ್‌ಎಸ್‌ಎಸ್‌ಎಲ್, ಲಿಬ್‌ಕ್ರಿಪ್ಟೊ ಎರಡನ್ನೂ ಪ್ರೋಗ್ರಾಂ ಪಕ್ಕದ ‘ಲಿಬ್’ ಫೋಲ್ಡರಿನಲ್ಲಿಟ್ಟು, ಪ್ಯಾಚ್‌ಎಲ್ಫ್ ಎಂಬ ಟೂಲಿನ ‘--ಸೆಟ್-ಆರ್‌ಪಾತ್’ನಿಂದ ಪ್ರೋಗ್ರಾಂಗೆ ‘$ಒರಿಜಿನ್/ಲಿಬ್’ ಬರೆ ($ಒರಿಜಿನ್ ಎಂದರೆ ಆ ಫೈಲು ಇರುವ ಫೋಲ್ಡರ್). ಒಂಟಿ ಉದ್ಧರಣ ಚಿಹ್ನೆಯ ಒಳಗೇ ಬರೆಯಬೇಕು; ಇಲ್ಲವಾದರೆ ಶೆಲ್ $ಒರಿಜಿನ್ ಅನ್ನು ನುಂಗಿ ಬರೀ ‘/ಲಿಬ್’ ಉಳಿಸುತ್ತದೆ. ಪ್ಯಾಚ್‌ಎಲ್ಫ್ ಬರೆಯುವುದು ರನ್‌ಪಾತ್. ರನ್‌ಪಾತ್ ಆಯಾ ಫೈಲಿನ ನೇರ ಅಗತ್ಯಗಳಿಗೆ ಮಾತ್ರ ಅನ್ವಯ, ಆರ್‌ಪಾತ್‌ನಂತೆ ಕೆಳಗಿನ ಲೈಬ್ರರಿಗಳಿಗೆ ಇಳಿಯುವುದಿಲ್ಲ. ಲಿಬ್‌ಎಸ್‌ಎಸ್‌ಎಲ್‌ಗೆ ಲಿಬ್‌ಕ್ರಿಪ್ಟೊ ಬೇಕು. ಪ್ರೋಗ್ರಾಂ ತಾನೇ ಲಿಬ್‌ಕ್ರಿಪ್ಟೊ ಕೇಳದಿದ್ದರೆ ಪಕ್ಕದಲ್ಲೇ ಇದ್ದರೂ ಅದು ಸಿಗುವುದಿಲ್ಲ. ಆದ್ದರಿಂದ ಲಿಬ್‌ಎಸ್‌ಎಸ್‌ಎಲ್ ಫೈಲಿಗೂ ‘$ಒರಿಜಿನ್’ ಎಂದು ರನ್‌ಪಾತ್ ಹಾಕು. 1.1.1ಕ್ಕೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್‌ಗೆ ಮುಗಿದಿದೆ. ಆ ಪ್ರೋಗ್ರಾಂ ಇಂಟರ್ನೆಟ್‌ಗೆ ತೆರೆದುಕೊಂಡಿದ್ದರೆ ಈ ಉಪಾಯವೂ ಬೇಡ.

ಮುಂದೆಂದಾದರೂ ‘ಜಿಲಿಬ್‌ಸಿ_2.34 ಸಿಗಲಿಲ್ಲ’ ಎಂದು ಬಂದರೆ (ಜಿಲಿಬ್‌ಸಿ ಎಂದರೆ ಬಹುತೇಕ ಎಲ್ಲ ಪ್ರೋಗ್ರಾಂಗಳಿಗೂ ಬೇಕಾದ ಮೂಲ ಸಿ ಲೈಬ್ರರಿ), ಹೊಸ ಯಂತ್ರದಲ್ಲಿ ಬಿಲ್ಡ್ ಮಾಡಿದ್ದನ್ನು ಹಳೆಯದರಲ್ಲಿ ಓಡಿಸುತ್ತಿದ್ದೀಯ ಎಂದರ್ಥ. ಸಿಸ್ಟಂನ ಜಿಲಿಬ್‌ಸಿ ಫೈಲನ್ನು ಕೈಯಾರೆ ಬದಲಿಸಲು ಯಾವ ಕಾರಣಕ್ಕೂ ಹೋಗಬೇಡ, ಎಲ್ಎಸ್ ಕಮಾಂಡೂ ಓಡದ ಸ್ಥಿತಿ ಬರುತ್ತದೆ. ಹಳೆಯ ಯಂತ್ರದಲ್ಲೋ ಕಂಟೇನರಿನಲ್ಲೋ ಬಿಲ್ಡ್ ಮಾಡು.

ರೀಡ್‌ಎಲ್ಫ್ ಕೊಟ್ಟ ಸಾಲುಗಳನ್ನೂ ಡೀಬಗ್ ಔಟ್‌ಪುಟ್ ಪೂರ್ತಿಯಾಗಿಯೂ ಕಳಿಸು, ಸ್ಕ್ರೀನ್‌ಶಾಟ್ ಬೇಡ. ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ