ಮೊದಲು ಡಿಪ್‌ಸ್ಟಿಕ್ ಎಳೆದು ನೋಡು

ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನೀನು ಕಳಿಸಿದ ಫೋಟೋ ನೋಡಿದೆ. 1998ರ ಅಕ್ಯೂರಾ (ಅಂದರೆ ಹೋಂಡಾದ್ದೇ) ಇಂಟೆಗ್ರಾ ಜಿಎಸ್-ಆರ್, ಮೀಟರ್‌ನಲ್ಲಿ 1,68,000 ಮೈಲಿ. ಅಮ್ಮನಿಗೆ ಇನ್ನೂ ಹೇಳಿಲ್ಲ ಅಂತ ಬರೆದಿದ್ದೀಯ. ನಾನಾಗಿ ಬಾಯಿ ಬಿಡುವುದಿಲ್ಲ. ಆದರೆ ಅಕ್ಕ ಕೇಳಿಬಿಟ್ಟರೆ ಅವಳ ಹತ್ತಿರ ಸುಳ್ಳು ಹೇಳುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಇಲ್ಲ. ಅಷ್ಟರೊಳಗೆ ನೀನೇ ಹೇಳಿಬಿಡು.

ಬೈಯೋಕೆ ಬರೆದ ಕಾಗದ ಅಲ್ಲ ಇದು. ಇದೇ ಮಾದರಿಯ ಕಾರನ್ನು ನಾನೂ ಒಂಬತ್ತು ವರ್ಷ ಓಡಿಸಿದ್ದೇನೆ. ವಾಟ್ಸಾಪಿನಲ್ಲಿ ಹೇಳಿದರೆ ನೀನು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಇನ್ನೂ 20 ಕುದುರೆ ಬಲ ಬರಬೇಕಾದರೆ ಏನು ಹಾಕಿಸಬೇಕು ಅಂತ. ಕಾರ್ಖಾನೆಯಿಂದ ಬರುವಾಗ ಇದ್ದ 170 ಈಗಲೂ ಇದೆಯಾ ಅಂತ ಮೊದಲು ನೋಡೋಣ. 1,68,000 ಮೈಲಿ ಓಡಿದ ಎಂಜಿನ್‌ನಲ್ಲಿ ಅಷ್ಟು ಉಳಿದಿದ್ದರೆ ನೀನು ಅದೃಷ್ಟವಂತ.

ಬಾನೆಟ್ ಕೆಳಗೆ ಇರುವುದು ಬಿ18ಸಿ1 ಅನ್ನುವ ಎಂಜಿನ್. 1797 ಸಿಸಿ, 4 ಸಿಲಿಂಡರ್, 16 ವಾಲ್ವ್, ಮೇಲೆ ವಾಲ್ವ್ ತೆರೆಯುವ ಎರಡು ಕ್ಯಾಮ್‌ಶಾಫ್ಟ್. ಕಂಪ್ರೆಷನ್ 10ಕ್ಕೆ 1, ಅಂದರೆ ಒಳಬಂದದ್ದನ್ನು ಹತ್ತನೇ ಒಂದಕ್ಕೆ ಹಿಂಡುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. 170 ಕುದುರೆ ಬಲ ಸಿಗುವುದು 7600 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 7600 ಸುತ್ತಿನಲ್ಲಿ; ದಾಟಬಾರದ ಕೆಂಪು ಗೆರೆ ಇರುವುದು 8000ದಲ್ಲಿ. ತಾತನ ತೋಟದಲ್ಲಿದ್ದ ಡೀಸೆಲ್ ಪಂಪ್‌ಸೆಟ್ ನೆನಪಿದೆಯಾ? ಅದು ನಿಮಿಷಕ್ಕೆ 1500 ಸುತ್ತು ಸುತ್ತಿಕೊಂಡು ಡುಗುಡುಗು ಅಂತ ಇಡೀ ದಿನ ನೀರೆತ್ತುತ್ತಿತ್ತು. ಇದು ಅದರ ಐದು ಪಟ್ಟು ವೇಗದಲ್ಲಿ ಸುತ್ತುತ್ತದೆ. ಅಲ್ಲಿ ನಡೆಯುತ್ತಿದ್ದ ಅಸಡ್ಡೆ ಇಲ್ಲಿ ನಡೆಯುವುದಿಲ್ಲ.

ಹೋಂಡಾದವರು ವಿಟೆಕ್ ಅನ್ನು, ಅಂದರೆ ವೇಗಕ್ಕೆ ತಕ್ಕ ಹಾಗೆ ವಾಲ್ವ್ ತೆರೆಯುವ ರೀತಿ ಬದಲಿಸುವ ಏರ್ಪಾಟನ್ನು, ಮೊದಲು ಕೂರಿಸಿದ್ದು 1989ರಲ್ಲಿ, ಜಪಾನಿನಲ್ಲಿ ಮಾರಿದ ಇಂಟೆಗ್ರಾದಲ್ಲೇ. 1.6 ಲೀಟರ್ ಎಂಜಿನ್‌ನಿಂದ 160 ಕುದುರೆ ಬಲ ತೆಗೆದರು. ಟರ್ಬೊ ಇಲ್ಲದೆ ಲೀಟರಿಗೆ ನೂರು! ಆಗ ಕಾಲೇಜಿನಲ್ಲಿದ್ದ ನಮಗೆ ಅದು ನಂಬುವ ಮಾತೇ ಆಗಿರಲಿಲ್ಲ. ನಿನ್ನ ಎಂಜಿನ್ ಅದರ ತಮ್ಮ.

ಈ ವಿಟೆಕ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೋ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಪ್ರತಿ ಜೋಡಿ ವಾಲ್ವಿಗೆ ಕ್ಯಾಮ್ ಮೇಲೆ ಮೂರು ಉಬ್ಬುಗಳಿವೆ, ಅವುಗಳ ಕೆಳಗೆ ಮೂರು ರಾಕರ್, ಅಂದರೆ ವಾಲ್ವನ್ನು ಒತ್ತುವ ಸನ್ನೆಗಳು. ಮೆಲ್ಲಗೆ ಹೋಗುವಾಗ ಆಚೀಚೆಯ ಎರಡು ಸಣ್ಣ ಉಬ್ಬುಗಳೇ ವಾಲ್ವ್ ತೆರೆಯುತ್ತವೆ. ನಡುವಿನ ದೊಡ್ಡ ಉಬ್ಬು ತನ್ನ ರಾಕರನ್ನು ಸುಮ್ನೆ ಕುಣಿಸುತ್ತಿರುತ್ತದೆ. 4400 ಆರ್‌ಪಿಎಂ ಹತ್ತಿರ ಬಂದಾಗ ಕಂಪ್ಯೂಟರ್ ಒಂದು ಸಾಲೆನಾಯ್ಡ್, ಅಂದರೆ ಕರೆಂಟಿನ ಕವಾಟ, ತೆರೆಯುತ್ತದೆ. ಆಗ ಆಯಿಲ್ ಒತ್ತಡದಿಂದ ರಾಕರ್ ಒಳಗಿನ ಪಿನ್‌ಗಳು ಸರಿದು ಮೂರೂ ರಾಕರ್ ಒಂದಾಗುತ್ತವೆ. ಅಲ್ಲಿಂದಾಚೆಗೆ ದೊಡ್ಡ ಉಬ್ಬಿನದ್ದೇ ಯಜಮಾನಿಕೆ. 5750ಕ್ಕೆ, ಎಂಜಿನ್‌ಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಇನ್ನೊಂದು ಸಾಲು ಕೊಳವೆ ತೆರೆದುಕೊಳ್ಳುತ್ತದೆ. ಆಗ ಬರುವ ಸದ್ದಿಗೇ ನೀನು ಮರುಳಾಗಿರುವುದು, ಗೊತ್ತು ನನಗೆ.

ಗಮನಿಸಿದೆಯಾ? ಪಿನ್ ತಳ್ಳುವುದು ಆಯಿಲ್. ಈ ಎಂಜಿನ್‌ನಲ್ಲಿ ಆಯಿಲ್‌ಗೆ ಜಾರಿಸುವ ಕೆಲಸ ಒಂದೇ ಅಲ್ಲ, ಕೈಯಾಳಿನ ಕೆಲಸವೂ ಇದೆ. ಆಯಿಲ್ ಕಡಿಮೆಯಾದರೆ, ಕೊಳೆಯಾದರೆ, ಒತ್ತಡ ಬರುವುದಿಲ್ಲ, ವಿಟೆಕ್ ಏಳುವುದಿಲ್ಲ. ಆಗ ಜನ ಏನು ಮಾಡುತ್ತಾರೆ ಗೊತ್ತಾ? ಸೆನ್ಸರ್ ಹಾಳಾಗಿದೆ ಅಂತ ಸೆನ್ಸರ್ ಕೊಳ್ಳುತ್ತಾರೆ, ಸಾಲೆನಾಯ್ಡ್ ಕೊಳ್ಳುತ್ತಾರೆ. ಆಯಿಲ್ ಮಟ್ಟ ತೋರಿಸುವ ಕಡ್ಡಿ, ಆ ಡಿಪ್‌ಸ್ಟಿಕ್ ಮಾತ್ರ ಎಳೆದು ನೋಡುವುದಿಲ್ಲ. ಈ ವಯಸ್ಸಿನ ವಿಟೆಕ್ ಎಂಜಿನ್, ಅದರಲ್ಲೂ ಜೋರಾಗಿ ಓಡಿಸುವವರ ಕೈಯಲ್ಲಿದ್ದದ್ದು, ಒಂದಿಷ್ಟು ಆಯಿಲ್ ಕುಡಿಯುತ್ತದೆ. ಕುಡಿದರೆ ಗಾಬರಿ ಬೇಡ, ಎಷ್ಟು ಅಂತ ಲೆಕ್ಕ ಇಡು. ಮೊದಲ ಎರಡು ತಿಂಗಳು ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ನೋಡು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಐದು ನಿಮಿಷ ಬಿಟ್ಟು. ಹಾಕಬೇಕಾದದ್ದು 5ಡಬ್ಲ್ಯೂ-30 ದರ್ಜೆಯ ಆಯಿಲ್, ಫಿಲ್ಟರ್ ಸೇರಿ ಸುಮಾರು 4 ಲೀಟರ್. ಪೆಟ್ರೋಲ್ 91 ಆಕ್ಟೇನ್‌ನದ್ದೇ ಹಾಕು, ಅಲ್ಲಿ ಉಳಿತಾಯ ಬೇಡ.

ಸೋರುವ ಜಾಗಗಳೂ ಗೊತ್ತಿರಲಿ. ವಾಲ್ವ್ ಕವರಿನ ಗ್ಯಾಸ್ಕೆಟ್, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಹಿಂದಿನ ರಬ್ಬರ್ ಉಂಗುರ, ಸಾಲೆನಾಯ್ಡ್ ಅಡಿಯ ಗ್ಯಾಸ್ಕೆಟ್. ಆ ಕೊನೆಯದರಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ, ಅದೂ ಕಟ್ಟಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಪ್ಲಗ್ ಟ್ಯೂಬಿನ ಸೀಲ್ ಹೋಗಿದೆ ಅಂತ ಅರ್ಥ. ಎಲ್ಲವೂ ಕಡಿಮೆ ದುಡ್ಡಿನ ರಬ್ಬರ್. ವಯಸ್ಸಾದ ಎಂಜಿನ್‌ನಲ್ಲಿ ಕಬ್ಬಿಣಕ್ಕಿಂತ ಮೊದಲು ಸಾಯುವುದು ರಬ್ಬರೇ.

ರಬ್ಬರ್ ಅಂದಾಗ ಟೈಮಿಂಗ್ ಬೆಲ್ಟ್, ಕ್ಯಾಮ್ ತಿರುಗಿಸುವ ಪಟ್ಟಿ. ಮಾರಿದವನು "ಹೋದ ವರ್ಷ ಹಾಕಿಸಿದ್ದೆ" ಅಂದನಂತೆ. ರಸೀದಿ ಕೊಟ್ಟನಾ? ಇಲ್ಲವಾದರೆ ಹಾಕಿಸಿಲ್ಲ ಅಂತಲೇ ತಿಳಿ. ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಗುದ್ದುತ್ತದೆ, ವಾಲ್ವ್ ಬಾಗುತ್ತದೆ. ಅಲ್ಲಿಗೆ ಮುಗೀತು. ನನ್ನ ಲೆಕ್ಕ 90,000 ಮೈಲಿ ಅಥವಾ 6 ವರ್ಷ, ಯಾವುದು ಮೊದಲೋ ಅದು. ನೀರಿನ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಅದನ್ನೂ ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರನ್ನೂ ಒಟ್ಟಿಗೇ ಬದಲಾಯಿಸು. ಇನ್ನೊಂದು ಮಾತು. ಪುಲ್ಲಿ ಕಡೆಯಿಂದ ನೋಡಿದರೆ ಈ ಎಂಜಿನ್ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಕೈಯಲ್ಲಿ ತಿರುಗಿಸುವಾಗಲೂ ಹಾಗೇ ತಿರುಗಿಸಬೇಕು. ಸ್ಟಾರ್ಟರ್ ಹೊಡೆದು ಪುಲ್ಲಿ ನಡುವಿನ ಕ್ರ್ಯಾಂಕ್ ಬೋಲ್ಟ್ ಸಡಿಲಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಇದಕ್ಕೆ ಮಾಡಬೇಡ, ಬೋಲ್ಟ್ ಇನ್ನೂ ಬಿಗಿಯಾಗುತ್ತದೆ.

ಈಗ ನನ್ನ ಕತೆ. 2004ರ ಬೇಸಿಗೆ. ಲಾಸ್ ಏಂಜಲೀಸ್‌ನಿಂದ ಐ-5 ಹೆದ್ದಾರಿಯಲ್ಲಿ ವಾಪಸ್ ಬರುತ್ತಿದ್ದೆವು. ಕೆಟಲ್‌ಮನ್ ಸಿಟಿಯಲ್ಲಿ ಪೆಟ್ರೋಲ್ ಹಾಕಿಸಿ, ನೆರಳು ಹುಡುಕಿ ಮೊಸರನ್ನ ತಿಂದು ಬಂದು ಕೀ ತಿರುಗಿಸಿದೆ. ಸ್ಟಾರ್ಟರ್ ಸುತ್ತುತ್ತದೆ, ಎಂಜಿನ್ ಹತ್ತುವುದಿಲ್ಲ. ನಿನ್ನ ಅತ್ತೆ ಮುಖ ನೋಡಬೇಕಿತ್ತು ನೀನು. ಟೋ ಮಾಡಿಸಿ ಗ್ಯಾರೇಜಿಗೆ ಹಾಕಿದರೆ ಅಲ್ಲಿ ಇಂಧನದ ಪಂಪ್ ಬದಲಾಯಿಸಿದರು, 600 ಡಾಲರ್ ಕಿತ್ತುಕೊಂಡರು. ಕಾರು ಹತ್ತಿತು. ಹತ್ತದೆ ಏನು, ಅಷ್ಟು ಹೊತ್ತಿಗೆ ಸಂಜೆಯಾಗಿ ತಣ್ಣಗಾಗಿತ್ತು! ಎರಡು ವಾರ ಬಿಟ್ಟು ಬಿಸಿಲಿನಲ್ಲಿ ಮತ್ತದೇ ಕತೆ.

ಕೊನೆಗೆ ಕನ್ನಡ ಕೂಟದ ಗೆಳೆಯನೊಬ್ಬ, ಸರ್ಕ್ಯೂಟ್ ಬೋರ್ಡುಗಳ ನಡುವೆಯೇ ಬದುಕುವವನು, ಡ್ರೈವರ್ ಕಡೆ ಡ್ಯಾಶ್‌ಬೋರ್ಡ್ ಅಡಿಯಿಂದ, ಇಂಧನದ ಪಂಪಿಗೆ ಕರೆಂಟ್ ಬಿಡುವ ಮೇನ್ ರಿಲೇ ಬಿಚ್ಚಿ ಭೂತಗನ್ನಡಿ ಹಿಡಿದ. ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು. ಕಾರಿನೊಳಗೆ ಕಾವೇರಿದಾಗ ಬಿರುಕು ಬಾಯಿ ಬಿಡುತ್ತದೆ, ಪಂಪಿಗೆ ಕರೆಂಟ್ ಹೋಗುವುದಿಲ್ಲ. ಹತ್ತು ನಿಮಿಷ ಬೆಸುಗೆ ಹಾಕಿ ಕೊಟ್ಟ. ಆ ಕಾಲದ ಹೋಂಡಾಗಳಲ್ಲಿ ಇದು ಮನೆಮನೆಯ ಕಾಯಿಲೆ. ನೀನು ಮಾಡಬೇಕಾದದ್ದಿಷ್ಟು. ಕೀಯನ್ನು ಎರಡನೇ ಹಂತಕ್ಕೆ ತಿರುಗಿಸಿ ಕಿವಿಗೊಡು. ಎರಡು ಸೆಕೆಂಡ್ ಹಿಂದುಗಡೆಯಿಂದ ಪಂಪ್ ಗುಂಯ್‌ ಅನ್ನಬೇಕು. ಬಿಸಿಯಲ್ಲಿ ಅನ್ನದೆ, ತಣ್ಣಗಾದ ಮೇಲೆ ಅಂದರೆ, ರಿಲೇ ಮೇಲೆ ಅನುಮಾನ ಪಡು. ಡಿಸ್ಟ್ರಿಬ್ಯೂಟರ್ ಒಳಗಿನ, ಕಿಡಿ ಹುಟ್ಟಿಸುವ ಕಾಯಿಲ್ ಮತ್ತು ಇಗ್ನೈಟರ್ ಕೂಡ ಹೀಗೇ ಬಿಸಿಯಲ್ಲಿ ಕೈ ಕೊಡುತ್ತವೆ, ಆದರೆ ಆಗ ಪಂಪ್ ಸದ್ದು ಸರಿಯಾಗಿಯೇ ಇರುತ್ತದೆ.

ಕೂಲೆಂಟ್ ಬದಲಾಯಿಸಿದಾಗ ಹೀಟರ್ ಪೂರ್ತಿ ತಿರುಗಿಸಿಟ್ಟು ಒಳಗಿನ ಗಾಳಿ ತೆಗೆ. ಬೆಳಿಗ್ಗೆ ಹೊರಟ ಕೂಡಲೇ 6000ಕ್ಕೆ ಏರಿಸಬೇಡ. ನೀರಿನ ಮುಳ್ಳು ನಡುವಿಗೆ ಬಂದರೂ ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಹಾಗಂತ ಸದಾ ಮೂರು ಸಾವಿರದಲ್ಲೇ ಓಡಿಸುವುದಾದರೆ ಈ ಕಾರು ಯಾಕೆ ಕೊಂಡೆ? ಬಿಸಿಯಾದ ಮೇಲೆ, ಖಾಲಿ ರ‍್ಯಾಂಪ್ ಸಿಕ್ಕಿದಾಗ, ಒಂದು ಸಲ ಕೆಂಪು ಗೆರೆ ತನಕ ಹೋಗಿ ಬಾ. ಇದನ್ನು ಮಾತ್ರ ಅಕ್ಕನಿಗೆ ಹೇಳಬೇಡ.

ಆ 20 ಕುದುರೆಯ ವಿಷಯ. ಇಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ, ಅಂದರೆ ಹೊಗೆ ತಪಾಸಣೆ. 2000ಕ್ಕಿಂತ ಹಿಂದಿನ ಕಾರಾದ್ದರಿಂದ ನಿನ್ನದಕ್ಕೆ ಸೈಲೆನ್ಸರ್ ಹೊಗೆಯನ್ನೇ ಅಳೆಯುತ್ತಾರೆ, ಬಾನೆಟ್ ಎತ್ತಿಯೂ ನೋಡುತ್ತಾರೆ. ಬಲ ಹೆಚ್ಚಿಸಲು ಹಾಕಿಸಿದ, ರಾಜ್ಯದ ಅನುಮತಿ ಸಂಖ್ಯೆ ಇಲ್ಲದ ಇನ್‌ಟೇಕ್ (ಗಾಳಿ ಎಳೆಯುವ ಕೊಳವೆ) ಕಂಡರೆ ಅಲ್ಲೇ ಫೇಲು. ಅದಕ್ಕೆ ಇಟ್ಟಿರುವ ದುಡ್ಡಿನಲ್ಲಿ ಬೆಲ್ಟ್ ಹಾಕಿಸು, ಉಳಿದರೆ ಕಳ್ಳರಿಗೆ ಸಿಗದ ಹಾಗೆ ಒಂದು ಗುಪ್ತ ಸ್ವಿಚ್ ಇಡಿಸು. ಕಾರು ಕದಿಯುವವರಿಗೆ ಇಂಟೆಗ್ರಾ ಅಂದರೆ ಬಲು ಪ್ರೀತಿ.

ವಾಲ್ವ್ ಸಂದು, ಅಂದರೆ ರಾಕರ್‌ಗೂ ವಾಲ್ವಿಗೂ ನಡುವಿನ ಅಂತರ, ನಾವಿಬ್ಬರೇ ಸರಿ ಮಾಡೋಣ. ಇನ್‌ಟೇಕ್ 0.15ರಿಂದ 0.19 ಮಿ.ಮೀ., ಎಕ್ಸಾಸ್ಟ್ 0.17ರಿಂದ 0.21. ಸಂದು ಅಳೆಯುವ ಫೀಲರ್ ಗೇಜ್, ಬಿಗಿ ಅಳೆಯುವ ಟಾರ್ಕ್ ರೆಂಚ್ ನನ್ನ ಹತ್ತಿರ ಇವೆ. ಹೊಸ ವಾಲ್ವ್ ಕವರ್ ಗ್ಯಾಸ್ಕೆಟ್ ನೀನು ತಾ. ಎಂಜಿನ್ ಪೂರ್ತಿ ತಣ್ಣಗಿದ್ದರೆ ಮಾತ್ರ ಅಳತೆ ಸರಿ ಬರುವುದು. ಸ್ಯಾಕ್ರಮೆಂಟೊದಿಂದ ಶನಿವಾರ ಬೆಳಿಗ್ಗೆ ಓಡಿಸಿಕೊಂಡು ಬಂದರೆ ಮಧ್ಯಾಹ್ನದವರೆಗೂ ಕಾಯುತ್ತಾ ಕೂರಬೇಕು. ಶುಕ್ರವಾರ ರಾತ್ರಿಯೇ ಬಂದುಬಿಡು. ಅತ್ತೆ ಅಕ್ಕಿರೊಟ್ಟಿ ಮಾಡುತ್ತಾಳಂತೆ.

ಇತಿ,
ನಿನ್ನ ಮಾವ