ಮಾತ್ರೆ ಬಿಟ್ಟು ಬೇರೆ ಏನು ತಗೋತೀರಾ?

ಕಳೆದ ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ನಾಲ್ಕು ವರ್ಷದಲ್ಲಿ ಮುಗಿಸುತ್ತೇನೆ ಅಂತ ಮನೆಯಲ್ಲಿ ಹೇಳಿ ಸೇರಿದ್ದೆ, ಏಳು ಹಿಡಿಯಿತು. ಥೀಸಿಸ್‌ನ ಮೊದಲ ಪುಟದಲ್ಲಿ ಎಲ್ಲರಿಗೂ ಕೃತಜ್ಞತೆ ಬರೆದಿದ್ದೇನೆ ನಿಜ. ಆದರೆ ಅದು ಇಂಗ್ಲಿಷಿನಲ್ಲಿದೆ, ಅದೂ ಒಂದೇ ಪುಟ. ಅಲ್ಲಿ ಬಂದಿರುವ ಅರ್ಧ ಜನ ಅದನ್ನು ಯಾವತ್ತೂ ಓದುವುದಿಲ್ಲ. ಅದಕ್ಕೇ ಇಲ್ಲಿ, ಕನ್ನಡದಲ್ಲಿ, ಸ್ವಲ್ಪ ಸಾವಕಾಶವಾಗಿ.

ಮೊದಲು ಥ್ಯಾಂಕ್ಸ್ ಹೇಳಬೇಕಾದವರ ಹೆಸರೇ ನನಗೆ ಗೊತ್ತಿಲ್ಲ.

2015ರ ಮಾತು. ಅಪ್ಪನಿಗೆ ಹೃದಯದ ವಾಲ್ವ್ ಬದಲಾಯಿಸಿ ಮೂರು ವರ್ಷವಾಗಿತ್ತು. ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ರಾತ್ರಿ ವಾರ್ಫರಿನ್ ಮಾತ್ರೆ. ಅಮ್ಮ ಸೊಪ್ಪನ್ನೂ ಅಳತೆ ಮಾಡಿ ಹಾಕುತ್ತಿದ್ದರು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಆದರೆ ಆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಅಷ್ಟು ಹುಷಾರಾಗಿದ್ದ ಮನೆ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಅಪ್ಪನ ವಸಡಿನಲ್ಲಿ ಬಂದ ರಕ್ತ ನಿಲ್ಲಲೇ ಇಲ್ಲ. ಟವೆಲ್ ಒದ್ದೆಯಾಯಿತು, ಇನ್ನೊಂದು ಟವೆಲ್ ತಂದೆವು. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ಅಂತ ಒಂದು ಪರೀಕ್ಷೆ ಇದೆ, ಅಪ್ಪನಿಗೆ ಅದು 2.5ರಿಂದ 3.5ರ ಒಳಗೆ ಇರಬೇಕು. ಅವತ್ತು 7 ದಾಟಿತ್ತು.

ಡ್ಯೂಟಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವರು, ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ. "ಮಾತ್ರೆ ಬಿಟ್ಟು ಬೇರೆ ಏನು ತಗೋತೀರಾ ಅಂಕಲ್?" ಅಂತ ಕೇಳಿದರು. ಅಪ್ಪ "ಏನೂ ಇಲ್ಲ" ಅಂದರು. ಅವರು ಬಿಡಲಿಲ್ಲ, ಮತ್ತೊಮ್ಮೆ ಕೇಳಿದರು. ಮೂರನೇ ಸಲಕ್ಕೆ ಅಮ್ಮ ಮೆಲ್ಲಗೆ, "ಮಂಡಿನೋವಿಗೆ ಅಂತ ಪಕ್ಕದ ಮನೆಯವರು ಹೇಳಿದ್ರು, ಒಂದು ಕ್ಯಾಪ್ಸೂಲು ತಗೋತಿದ್ದಾರೆ. ಆದ್ರೆ ಅದು ಔಷಧಿ ಅಲ್ವಲ್ಲ ಡಾಕ್ಟ್ರೇ, ಬರೀ ಅರಿಶಿನ, ಮೆಣಸು" ಅಂದರು.

ಅದೇ ಕಾರಣ ಅಂತ ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಒಬ್ಬ ಮನುಷ್ಯನ ಒಂದು ಘಟನೆಯಿಂದ ಹಾಗೆ ಹೇಳಲು ಬರುವುದಿಲ್ಲ. ಆದರೆ ಕ್ಯಾಪ್ಸೂಲ್ ನಿಲ್ಲಿಸಿದರು, ಅಪ್ಪ ಸುಧಾರಿಸಿಕೊಂಡರು, ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಆಗ ನಾನು ಎಂ.ಫಾರ್ಮಾ ಓದುತ್ತಿದ್ದೆ. ಪುಸ್ತಕದಲ್ಲಿ ಔಷಧಗಳ ಮೆಟಬಾಲಿಸಂ ಅಂತ ಇಡೀ ಅಧ್ಯಾಯ ಬಾಯಿಪಾಠ ಮಾಡಿದ್ದವಳಿಗೆ ಸ್ವಂತ ಮನೆಯ ಡಬ್ಬಿ ಕಾಣಿಸಿರಲಿಲ್ಲ.

ಏನು ಕೆಲಸ ಮಾಡಿದೆ ಅಂತ ನೆಂಟರು ಕೇಳಿದಾಗ ನಾನು ರೇಷನ್ ಅಂಗಡಿ ಕಥೆ ಹೇಳುತ್ತೇನೆ. ನಾವು ನುಂಗಿದ ಮಾತ್ರೆಯನ್ನು ಲಿವರ್ ಮತ್ತು ಕರುಳಿನಲ್ಲಿರುವ ಕೆಲವು ಕಿಣ್ವಗಳು ಬದಲಾಯಿಸಿ ಹೊರಗೆ ಹೋಗಲು ಅಣಿ ಮಾಡುತ್ತವೆ. ಸೈಟೋಕ್ರೋಮ್ ಪಿ450 ಅಂತ ಇವುಗಳ ದೊಡ್ಡ ಮನೆತನ, ಮನುಷ್ಯರಲ್ಲಿ 57 ಜೀನ್‌ಗಳಿವೆ. ಆದರೆ ಮಾತ್ರೆಗಳ ಬಹುಪಾಲು ಕೆಲಸ ಬೆರಳೆಣಿಕೆಯ ಕಿಣ್ವಗಳ ಮೇಲೇ ಬೀಳುತ್ತದೆ. ಅಂದರೆ ತೂಕ ಮಾಡುವವನು ಒಬ್ಬ, ಸಾಲು ಉದ್ದ. ಮೆಣಸು ಮತ್ತು ಹಿಪ್ಪಲಿಯಲ್ಲಿರುವ ಪಿಪರಿನ್ ಅವನನ್ನು ಮಾತಿಗೆ ಎಳೆದು ನಿಲ್ಲಿಸಿದರೆ ಹಿಂದೆ ನಿಂತವರು ಕರಗುವುದಿಲ್ಲ. ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ನನ್ನ ಥೀಸಿಸ್ ಇದರ ಬಗ್ಗೆಯೇ.

ಇದರಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಫಾರ್ಮಕಾಲಜಿ ವಿಭಾಗದವರು ಆರೋಗ್ಯವಂತರಿಗೆ ಅರಿಶಿನದಲ್ಲಿರುವ ಕರ್ಕ್ಯುಮಿನ್ 2 ಗ್ರಾಂ, ಅದರ ಜೊತೆ 20 ಮಿಲಿಗ್ರಾಂ ಪಿಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಶೇ. 2000ರಷ್ಟು ಹೆಚ್ಚಾಯಿತು. ಇವತ್ತು ಜಗತ್ತಿನಾದ್ಯಂತ ಅರಿಶಿನದ ಕ್ಯಾಪ್ಸೂಲಿಗೆ ಮೆಣಸಿನ ಸಾರ ಸೇರಿಸಿ ಮಾರುತ್ತಾರಲ್ಲ, ಆ ಡಬ್ಬಿಗಳ ಹಿಂದೆ ಇರುವುದು ಕೋರಮಂಗಲದ ಪಕ್ಕದ ಆ ಲೆಕ್ಕ. ಮೆಣಸಿನಿಂದ ರಕ್ತದ ಬಾಗಿಲು ಅರಿಶಿನಕ್ಕೆ ಮಾತ್ರ ತೆರೆದುಕೊಳ್ಳುತ್ತಾ, ಬೇರೆ ಮಾತ್ರೆಗೂ ತೆರೆದುಕೊಳ್ಳುತ್ತಾ? ಹೆಚ್ಚಿನ ಡಬ್ಬಿಗಳ ಮೇಲೆ ಅದನ್ನು ಬರೆದಿರುವುದಿಲ್ಲ. ನಾನು ಸೇರಿದ 2018ರಲ್ಲೇ ನ್ಯೂಜಿಲೆಂಡ್‌ನ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟರು. ವಾರ್ಫರಿನ್ ತೆಗೆದುಕೊಳ್ಳುತ್ತಿದ್ದವರೊಬ್ಬರು ಅರಿಶಿನದ ಉತ್ಪನ್ನ ಶುರು ಮಾಡಿದ ಕೆಲವೇ ವಾರಗಳಲ್ಲಿ ಅವರ ಐಎನ್‌ಆರ್ 10 ದಾಟಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಅನುಮಾನಕ್ಕೆ ಹುಚ್ಚು ಹಿಡಿದಿಲ್ಲ ಅಂತ ಒಂದು ಕಡೆ ಸಮಾಧಾನ ಬೇರೆ.

ನಮ್ಮ ಮೇಡಂಗೆ, ಅಂದರೆ ನನ್ನ ಗೈಡ್‌ಗೆ, ಒಂದು ವಿಷಯಕ್ಕೆ ವಿಶೇಷವಾಗಿ ಥ್ಯಾಂಕ್ಸ್. ಕಿಣ್ವವನ್ನು ತಡೆಯುವ ನನ್ನ ಫಲಿತಾಂಶ ಟೆಸ್ಟ್‌ಟ್ಯೂಬಿನಲ್ಲಿ ಚೆನ್ನಾಗಿ ಬಂದು, ಇಲಿಗಳಲ್ಲಿ ಅರ್ಧದಷ್ಟೂ ಬರದಿದ್ದಾಗ ನಾನು ಅಳುವುದೊಂದು ಬಾಕಿ. ಅವರು "ಬರದಿದ್ದನ್ನೂ ಬರಿ" ಅಂದರು, ಅಷ್ಟೇ. ಆಮೇಲೆ ಯೋಚಿಸಿದರೆ ಕಾರಣದ ಒಂದು ತುದಿ ಅಡುಗೆಮನೆಯಲ್ಲೇ ಇತ್ತು. ಟ್ಯೂಬಿಗೆ ನಾನು ಹಾಕಿದ್ದು ಆಲ್ಕೋಹಾಲಿನಲ್ಲಿ ತೆಗೆದ ಸಾರ. ಇಲಿಗಳಿಗೆ ಕೊಟ್ಟಿದ್ದು ನೀರಿನಲ್ಲಿ ಕುದಿಸಿ ಸೋಸಿದ ಕಷಾಯ. ಪಿಪರಿನ್ ನೀರಿನಲ್ಲಿ ಕರಗಲು ಮಹಾ ಜಿಪುಣ, ತಣ್ಣನೆಯ ಒಂದು ಲೀಟರಿಗೆ ಸುಮಾರು 40 ಮಿಲಿಗ್ರಾಂ ಅಷ್ಟೇ. ಅಜ್ಜಿಯ ಮೆಣಸಿನ ಕಷಾಯ ಬೇರೆ, ಶೇ. 95 ಪಿಪರಿನ್ ಅಂತ ಬರೆದಿರುವ ಕ್ಯಾಪ್ಸೂಲು ಬೇರೆ. ಎರಡಕ್ಕೂ 'ನ್ಯಾಚುರಲ್' ಅನ್ನುವ ಒಂದೇ ಚೀಟಿ ಅಂಟಿಸುತ್ತೇವೆ, ನನಗೆ ಸಿಟ್ಟು ಬರುವುದು ಅಲ್ಲಿಗೇ.

ಅನಿಮಲ್ ಹೌಸ್ ನೋಡಿಕೊಳ್ಳುವ ಅಣ್ಣ ಇಲ್ಲದಿದ್ದರೆ ನಾನು ಮೊದಲ ತಿಂಗಳೇ ಬಿಟ್ಟು ಓಡುತ್ತಿದ್ದೆ. "ನಿಮ್ ಕೈ ನಡುಗಿದ್ರೆ ಅದಕ್ಕೂ ಭಯ ಆಗುತ್ತೆ ಮೇಡಂ, ಮೊದ್ಲು ನೀವು ಉಸಿರು ಬಿಡಿ" ಅಂತ ಹೇಳಿ, ಇಲಿಯ ಬೆನ್ನ ಮೇಲೆ ಅಂಗೈ ಇಟ್ಟು ಅದು ಸುಮ್ಮನಾಗುವ ತನಕ ಕಾಯುವುದನ್ನು ಕಲಿಸಿದರು. 2020ರ ಲಾಕ್‌ಡೌನಿನಲ್ಲಿ ನಾವೆಲ್ಲ ಮನೆಯಲ್ಲಿದ್ದಾಗ ಪಾಸ್ ಹಿಡಿದು ದಿನಾ ಬಂದು ಅವುಗಳಿಗೆ ನೀರಿಟ್ಟವರು ಅವರೇ.

ಚಿಕ್ಕಪೇಟೆ ಕಡೆಯ ಗ್ರಂಧಿಗೆ ಅಂಗಡಿಯ ಯಜಮಾನರಿಗೂ ಋಣಿ. ಹಿಪ್ಪಲಿಯನ್ನು ಉಗುರಿನಲ್ಲಿ ಮುರಿದು, ನಾಲಿಗೆಯ ತುದಿಗೆ ಇಟ್ಟುಕೊಂಡು, "ಇದು ಹಳೇ ಮಾಲು, ಚುರುಕಿಲ್ಲ, ಬೇಡ" ಅಂತ ತಮ್ಮದೇ ಅಂಗಡಿಯ ಸರಕನ್ನು ವಾಪಸ್ ಡಬ್ಬಿಗೆ ಹಾಕಿದ ವ್ಯಾಪಾರಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಯಾವ ವಸ್ತು ಎಷ್ಟಿದೆ ಅಂತ ಅಳೆಯುವ ನಮ್ಮ ಎಚ್‌ಪಿಎಲ್‌ಸಿ ಯಂತ್ರ ಅದೇ ಮಾತನ್ನು ಹೇಳಲು ಎರಡು ದಿನ ತೆಗೆದುಕೊಂಡಿತು.

2022ರ ಸೆಪ್ಟೆಂಬರ್ ಮಳೆ ನಿಮಗೆಲ್ಲ ನೆನಪಿರಬೇಕು, ಬೆಳ್ಳಂದೂರಿನಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆ ವಾರ. ರಾತ್ರಿ ಕರೆಂಟ್ ಹೋಯಿತು, ಜನರೇಟರ್ ಎದ್ದೇಳಲಿಲ್ಲ, ಮೈನಸ್ 80 ಡಿಗ್ರಿಯ ಫ್ರೀಜರ್ ಬೆಳಗಾಗುವಷ್ಟರಲ್ಲಿ ಬೆವರುತ್ತಿತ್ತು. ಅದರೊಳಗೆ ನನ್ನ ಹದಿನಾಲ್ಕು ತಿಂಗಳ ಪ್ಲಾಸ್ಮಾ ಸ್ಯಾಂಪಲ್. ಪೀಣ್ಯದಿಂದ ಥರ್ಮಾಕೋಲ್ ಡಬ್ಬದಲ್ಲಿ ಡ್ರೈ ಐಸ್ ತುಂಬಿಕೊಂಡು, ಮೊಣಕಾಲುದ್ದ ನೀರಿನಲ್ಲಿ ಸ್ಕೂಟರ್ ತಳ್ಳಿಕೊಂಡು ಬಂದ ನನ್ನ ಗಂಡನಿಗೆ ಏನು ಹೇಳಲಿ. ಅರ್ಧ ಉಳಿಯಿತು. ಉಳಿದರ್ಧ ಮತ್ತೆ ಮಾಡಿದೆ, ಒಂದು ವರ್ಷ ಹೆಚ್ಚಾಯಿತು. ಯಾರ ತಪ್ಪು ಅಂತ ಕೇಳುವುದನ್ನು ನಾನು ಬಿಟ್ಟಿದ್ದೇನೆ.

ಎಲ್ಲರಿಗಿಂತ ಜಾಸ್ತಿ ಕಲಿಸಿದವರು ಒಪಿಡಿಯ ಸಾಲಿನಲ್ಲಿ ಕೂತಿದ್ದ ರೋಗಿಗಳು. ಥೀಸಿಸ್‌ನ ಒಂದು ಭಾಗಕ್ಕೆ ನಾನು ಅವರ ಹತ್ತಿರ ಹೋಗಿ, ಆ ಡಾಕ್ಟರ್ ಕೇಳಿದ್ದನ್ನೇ ಕೇಳುತ್ತಿದ್ದೆ. ಮೊದಲ ವಾರ ಎಲ್ಲರದೂ ಒಂದೇ ಉತ್ತರ: ಏನೂ ಇಲ್ಲ. ಆನೇಕಲ್ ಕಡೆಯ ಒಬ್ಬ ಅಜ್ಜಿಯೂ "ಏನೂ ಇಲ್ಲ ಕಣವ್ವ" ಅಂದರು. ಎದ್ದು ಹೋಗುವಾಗ ಬಸ್ಸಿಗೆ ಚಿಲ್ಲರೆ ತೆಗೆಯಲು ಸೆರಗಿನ ಗಂಟು ಬಿಚ್ಚಿದರು, ಒಳಗೊಂದು ಕಾಗದದ ಪೊಟ್ಟಣ. ಇದೇನಜ್ಜಿ ಅಂದೆ. "ಸಕ್ಕರೆ ಕಾಯಿಲೆ ಪುಡಿ. ಇದನ್ಯಾಕೆ ಡಾಕ್ಟ್ರಿಗೆ ಹೇಳೋದು, ಬೈತಾರೆ." ಅವತ್ತು ಸಂಜೆಯೇ ಪ್ರಶ್ನೆ ಬದಲಾಯಿಸಿದೆವು. "ಮನೇಲಿ ಕಷಾಯ ಏನು ಮಾಡ್ಕೋತೀರಾ? ನಂಗೂ ಹೇಳಿಕೊಡಿ" ಅಂತ ಕೇಳಿದ ಮೇಲೆ ಹರಿದು ಬಂತು ನೋಡಿ: ಅಮೃತಬಳ್ಳಿ, ಮೆಂತ್ಯ, ನೇರಳೆ ಬೀಜ, ಹಾಗಲಕಾಯಿ ರಸ. ಯಾರೂ ಸುಳ್ಳು ಹೇಳುವವರಲ್ಲ. ಬೈಸಿಕೊಳ್ಳಲು ಇಷ್ಟವಿಲ್ಲ, ಅಷ್ಟೇ. ಅಜ್ಜಿ, ನಿಮ್ಮ ಪೊಟ್ಟಣ ಇಲ್ಲದಿದ್ದರೆ ನನ್ನ ಐದನೇ ಅಧ್ಯಾಯವೇ ಇರುತ್ತಿರಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೊನೆಗೆ ಒಂದು ಪ್ರಶ್ನೆ ಎಸೆದರು. ಗ್ರೇಪ್‌ಫ್ರೂಟ್ ರಸ ಕರುಳಿನ ಕಿಣ್ವವನ್ನು ಕೆಡಿಸಿ ಕೆಲವು ಮಾತ್ರೆಗಳ ಮಟ್ಟ ಏರಿಸುತ್ತದೆ ಅಂತ 1989ರಿಂದ ಗೊತ್ತು. ಕೆನಡಾದಲ್ಲಿ ಆಲ್ಕೋಹಾಲಿನ ರುಚಿ ಮುಚ್ಚಲು ಆ ರಸ ಕೊಟ್ಟು ಆಕಸ್ಮಿಕವಾಗಿ ಸಿಕ್ಕಿದ ವಿಷಯ ಅದು. "ಹಾಗಾದ್ರೆ ನಿಮ್ಮ ದೇವನಹಳ್ಳಿ ಚಕ್ಕೋತ ಏನಮ್ಮಾ? ಅದೂ ಅದರ ದಾಯಾದಿ ತಾನೇ?" ನಾನು "ಅಳೆದಿಲ್ಲ ಸರ್" ಅಂದೆ. ಅವರು ನಕ್ಕು ಸಹಿ ಹಾಕಿದರು.

ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದರು. ಒಂದು ಗಂಟೆ ಇಂಗ್ಲಿಷ್ ಕೇಳಿ ಸುಸ್ತಾಗಿ, ಹೊರಗೆ ಬಂದ ಮೇಲೆ ಒಂದೇ ಮಾತು: "ಅಂದ್ರೆ ಮೆಣಸಿನ ಸಾರು ತಿನ್ಬಹುದಾ?" ತಿನ್ನಬಹುದಪ್ಪ, ಯಾವತ್ತೂ ತಿನ್ನುವಷ್ಟೇ. ಕ್ಯಾಪ್ಸೂಲು ಬೇಡ. ಅಮ್ಮ ಭಾನುವಾರ ಮಾಡಿದರು. ಮಂಗಳವಾರ ಐಎನ್‌ಆರ್ ಬಂತು, 2.9.